ಸೂಪಕ್ಕನ ಮೂಗು ಹೋದ ವರ್ಷ

ಹೊಲಿಗೆ ಅಂಗಡಿಗಳ ಆ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಸೂಪಕ್ಕ ಎಂದೇ. ಮುಂಗೋಣೆಯ ಕಿಟಕಿಗೆ ಹಲಗೆ ಜಡಿಸಿ, ಮಧ್ಯಾಹ್ನದ ಹೊತ್ತು ಸೂಪು, ತರಕಾರಿ ಸ್ಟೂ, ಅಂಗೈ ದಪ್ಪದ ಸ್ಯಾಂಡ್‌ವಿಚ್ಚು ಮಾರಲು ಶುರುಮಾಡಿ ಹದಿನೇಳು ವರ್ಷವಾಗಿತ್ತು. ಒಂದು ಸ್ಯಾಂಡ್‌ವಿಚ್ಚು ತಿಂದರೆ ಸಂಜೆಯವರೆಗೆ ಹೊಟ್ಟೆ ಸೊಲ್ಲೆತ್ತುವುದಿಲ್ಲ ಎಂದು ಟೈಲರುಗಳು ಹೇಳುತ್ತಿದ್ದರು. ಆಕೆಯ ಅಡುಗೆಮನೆಯಲ್ಲಿ ಅಳತೆಯ ಲೋಟವಾಗಲಿ ಚಮಚವಾಗಲಿ ಇರಲಿಲ್ಲ. ಪಾತ್ರೆಯ ಆವಿಗೆ ಮುಖ ಒಡ್ಡಿದರೆ ಸಾಕು, ಬಟಾಣಿ ಬೆಂದಿದೆಯೋ ಇಲ್ಲವೋ, ಕಾಳುಮೆಣಸು ಸಾಕೋ ಬೇಕೋ, ಎಲ್ಲ ಮೂಗಿಗೇ ತಿಳಿಯುತ್ತಿತ್ತು.

ಗಂಡ ಬಸ್ ಓಡಿಸಿ ನಿವೃತ್ತನಾದವನು, ಮಾತೆಂದರೆ ಮಾರು ದೂರ ಸರಿಯುವ ಆಸಾಮಿ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಊಟ ಹೇಗಿದೆ ಎಂದು ಕೇಳಿದಾಗಲೆಲ್ಲ ಸಿಕ್ಕಿದ್ದು “ಹೂಂ” ಒಂದೇ. ಚೆನ್ನಾಗಿದ್ದರೂ ಹೂಂ, ಸೀದುಹೋಗಿದ್ದರೂ ಹೂಂ. ಕೇಳಿ ಕೇಳಿ ಸಾಕಾಗಿ ಆಕೆ ಕೇಳುವುದನ್ನೇ ಬಿಟ್ಟಿದ್ದಳು.

ಹಾಗಿರುವಾಗ ಒಂದು ಕೆಟ್ಟ ಜ್ವರ ಬಂದು ಆಕೆಯನ್ನು ಹತ್ತು ದಿನ ಮಲಗಿಸಿತು. ಎದ್ದು ನೋಡಿದರೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಬೆಣ್ಣೆಗೂ ಮೇಣಕ್ಕೂ ವ್ಯತ್ಯಾಸವೇ ತಿಳಿಯದು. “ವಾಪಸ್ ಬರುತ್ತಮ್ಮ, ಯಾವಾಗ ಅಂತ ಮಾತ್ರ ಹೇಳೋಕಾಗಲ್ಲ” ಎಂದರು ಡಾಕ್ಟರು. ಆಕೆ ಯಾರಿಗೂ ಬಾಯಿಬಿಡದೆ, ಕೈ ಅಂದಾಜನ್ನೇ ನಂಬಿ ಕಿಟಕಿ ತೆರೆದಳು.

ಮೊದಲು ಬಂದವನು ಬೀಗ ರಿಪೇರಿಯವನು. ಮರ್ಯಾದೆಗೆ ಒಂದು ಬಟ್ಟಲು ಸೂಪನ್ನು ಪೂರ್ತಿ ಕುಡಿದ. ಅದರ ಹಿಂದೆಯೇ ಒಂದು ಜಗ್ಗು ನೀರನ್ನೂ ಕುಡಿದ. “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವತ್ತು ಸಮುದ್ರಾನೇ ಕುದಿಸಿದ ಹಾಗಿದೆ.”

ಆಕೆ ಕಿಟಕಿ ಮುಚ್ಚಿ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದು ಅತ್ತಳು. ಗಂಡ ಪೇಪರು ಮಡಚಿಟ್ಟು ಬಂದ. ಸೌಟಿನಿಂದ ಒಂದು ಗುಟುಕು ಕುಡಿದ.

“ಉಪ್ಪು ಎರಡು ಸಲ ಬಿದ್ದಿದೆ. ನೀರು ಹಾಕಿ ನಾಲ್ಕು ಆಲೂಗಡ್ಡೆ ಹೆಚ್ಚಿಹಾಕು. ಈರುಳ್ಳಿನೂ ಹಸಿಹಸಿ. ನೀನು ಹುರಿದ್ರೆ ಒಂದು ಸಿಹಿ ಬರ್ತಿತ್ತಲ್ಲ, ಅದು ಬಂದಿಲ್ಲ.”

ಆಕೆ ಕಣ್ಣೊರೆಸುವುದನ್ನೇ ಮರೆತಳು. “ಆ ಸಿಹಿ ನಿಮಗೆ ಗೊತ್ತಾಗ್ತಿತ್ತಾ?”

“ಗೊತ್ತಾಗದೆ ಏನು? ದಿನಾ ತಿಂತಿರೋನು ನಾನೇ ಅಲ್ವಾ?”

“ಮತ್ತೆ ಒಂದು ದಿನಾನೂ ಬಾಯಿ ಬಿಡಲಿಲ್ಲ?”

“ಬಾಯಿ ತುಂಬ ಊಟ ಇರ್ತಿತ್ತಲ್ಲೇ!”

ಅಳುತ್ತಿದ್ದವಳಿಗೆ ನಗು ಉಕ್ಕಿತು; ನಗುತ್ತಲೇ ಮೂಗು ಹೋದದ್ದನ್ನು ಹೇಳಿಕೊಂಡಳು. ಮರುದಿನದಿಂದ ಆತ ಬೆಳಿಗ್ಗೆಯೇ ಒಲೆಯ ಪಕ್ಕ ಚಮಚ ಹಿಡಿದು ಕೂರತೊಡಗಿದ. ಕೂಡಿಟ್ಟಿದ್ದ ಮಾತೆಲ್ಲ ಒಂದೊಂದೇ ಹೊರಬಂತು. “ಬೆಳ್ಳುಳ್ಳಿ ನೂಕಿಕೊಂಡು ಮುಂದಿನ ಸೀಟಿಗೇ ಬಂದಿದೆ ನೋಡು. ಇವತ್ತು ಟೊಮೆಟೊ ಹುಳಿ ಸಾಲದು.” ಆಕೆಗೆ ಅಷ್ಟು ಸಾಕು, ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಬೀಗದವನೂ ಬಟ್ಟಲು ನೆಕ್ಕುವಂತಾದ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕಾವಲಿಯ ಮೇಲಿದ್ದ ಬ್ರೆಡ್ಡಿನಿಂದ ಬೆಣ್ಣೆಯ ಘಮ ತೆಳುವಾಗಿ ಆಕೆಯ ಮೂಗಿಗೆ ಬಡಿಯಿತು. ಮತ್ತೊಮ್ಮೆ ಮೂಸಿದಳು, ಹೌದು, ಬೆಣ್ಣೆಯೇ. ಆದರೆ ಹೇಳಲಿಲ್ಲ. “ಹೇಗಿದೆ ರೀ?” ಎಂದು ಎಂದಿನಂತೆ ಚಮಚ ಚಾಚಿದಳು. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು “ಅಯ್ಯೋ, ಬ್ರೆಡ್ಡು!” ಎಂದು ಓಡಿಬಂದಳು. ಒಲೆಯ ಪಕ್ಕದಲ್ಲೇ ಕೂತಿದ್ದವನಿಗೆ ಆಮೇಲಷ್ಟೇ ಹೊಗೆ ಕಂಡಿತು.

“ಮೂಗು ವಾಪಸ್ ಬಂತು ಅನ್ನು.”

“ನಾಲ್ಕು ದಿನ ಆಯ್ತು,” ಎಂದಳು, ಸಿಕ್ಕಿಬಿದ್ದ ಕಳ್ಳಿಯ ಹಾಗೆ. “ನೀವು ಮಾತಾಡೋದನ್ನ ಕೇಳೋಕೆ ಚೆನ್ನಾಗಿತ್ತು.”

ಆತ ಕಿವಿಯವರೆಗೂ ಕೆಂಪಾದ. ಸ್ಟೂ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡಿದ. “ಕ್ಯಾರೆಟ್ಟಿಗೆ ಇನ್ನೈದು ನಿಮಿಷ ಬೇಕು.”

ಆಕೆಯೂ ಬಗ್ಗಿ ಆವಿ ಎಳೆದುಕೊಂಡಳು. “ಹತ್ತು.”

“ಐದು ಸಾಕು ಅಂದೆನಲ್ಲ.”

“ಹದಿನೇಳು ವರ್ಷದಿಂದ ಬೇಯಿಸ್ತಿರೋಳು ನಾನಾ, ನೀವಾ?”

ಹೊರಗಿನಿಂದ ಟೈಲರು ಕಿಟಕಿಯ ಹಲಗೆ ತಟ್ಟಿದ. “ಪಂಚಾಯ್ತಿ ಮುಗಿದ ಮೇಲೆ ಎರಡು ಬಟ್ಟಲು ಕೊಡಿ ಅಕ್ಕಾ. ಬೆಂದಷ್ಟೇ ಸಾಕು!”