ಚೆನ್ನಿಯ ಕೆರೆತವೂ ಅಣ್ಣಯ್ಯನ ಕುತ್ತಿಗೆಯೂ

ಹೊಳೆನರಸೀಪುರದ ಭತ್ತದ ವ್ಯಾಪಾರಿ ಅನಂತರಾಜಯ್ಯನ ಮನೆಯಲ್ಲಿ ಇಲಿಗಳು ನೆಮ್ಮದಿಯಿಂದ ಬಾಳುತ್ತಿದ್ದವು. ಬೆಕ್ಕು ಮಾತ್ರ ಸೆರೆಯಲ್ಲಿತ್ತು. ಜೈನರ ಮನೆ. ಬೆಕ್ಕನ್ನು ಹೊರಗೆ ಬಿಟ್ಟರೆ ಏನನ್ನಾದರೂ ಹಿಡಿದು ಕೊಲ್ಲುತ್ತದೆ, ಆ ಪಾಪ ಸಾಕಿದವರಿಗೆ ಎಂದು ಅನಂತರಾಜಯ್ಯನ ತಂಗಿ ರಾಜೀಮತಿ ಅದನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಮನೆಯೊಳಗಿನ ಇಲಿಗಳಿಗೂ ಸುಳಿವು ಸಿಗಲಿ ಎಂದು ಅದರ ಕೊರಳಿಗೊಂದು ಗೆಜ್ಜೆ ಕಟ್ಟಿದ್ದಳು. ಚೆನ್ನಿ ಎಂಬ ಆ ಬಿಳಿ ಬೆಕ್ಕು ಹಾಲನ್ನ ತಿಂದುಕೊಂಡು, ಗೆಜ್ಜೆ ಸದ್ದು ಮಾಡಿಕೊಂಡು ಪಡಸಾಲೆಗೂ ಅಡುಗೆಮನೆಗೂ ಓಡಾಡಿಕೊಂಡಿತ್ತು.

ರಾಜೀಮತಿಯ ಪಾಡೂ ಹೆಚ್ಚೇನು ಬೇರೆಯಲ್ಲ. ಹನ್ನೆರಡಕ್ಕೆ ಮದುವೆ, ಚನ್ನರಾಯಪಟ್ಟಣದಲ್ಲಿ ಮೂರು ವರ್ಷದ ಸಂಸಾರ, ಗಂಡ ತೀರಿಕೊಂಡು ಹದಿನೈದಕ್ಕೆ ತವರಿಗೆ ವಾಪಸು. 1938ರಲ್ಲಿ ಅವಳಿಗೆ ಮೂವತ್ತಾರು. ಆ ಮನೆಯ ಅಡುಗೆ, ಮಡಿ, ನೀರು ಸೋಸುವುದು ಎಲ್ಲವೂ ಅವಳದೇ. ಮಾತು ಮಾತ್ರ ಅವಳದಲ್ಲ. ಏನಾದರೂ ಹೇಳಹೊರಟರೆ ಅಣ್ಣ ಕೈಯೆತ್ತಿ ತಡೆದುಬಿಡುತ್ತಿದ್ದ. ಬುದ್ಧಿ ಇದ್ದೂ ಬಾಯಿ ಮುಚ್ಚಿಕೊಂಡಿರುವುದು ಎಂಥ ಶಿಕ್ಷೆ ಎಂಬುದು ಹಾಗೆ ಇದ್ದವರಿಗೇ ಗೊತ್ತು. ನನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಆ ಬೆಕ್ಕೊಂದೇ.

ಆ ವರ್ಷ ಯುಗಾದಿ ಕಳೆದ ಮೇಲೆ ಚೆನ್ನಿಗೆ ಕೆರೆತ ಶುರುವಾಯಿತು. ಗದ್ದದಡಿ, ಹೊಟ್ಟೆಯ ಮೇಲೆ ಕೂದಲುದುರಿ ಹುಣ್ಣಾಯಿತು. ಚಿಗಟವಿರಬೇಕೆಂದು ರಾಜೀಮತಿ ಅದನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಬಾಚಿದಳು. ಸಿಕ್ಕಿದ್ದನ್ನು ಕೊಲ್ಲದೆ ಬೇಲಿಯಾಚೆ ಬಿಟ್ಟು ಬರುವ ಯೋಚನೆ. ಒಂದೂ ಸಿಗಲಿಲ್ಲ. ಹದಿನೈದು ದಿನ ಹಾಲು ನಿಲ್ಲಿಸಿ ನೋಡಿದಳು. ಗೆಜ್ಜೆ ಬಿಚ್ಚಿದಳು. ಬೇವು, ಅರಿಶಿನ ಅರೆದು ಹಚ್ಚಿದಳು. ಹಾಸಿಗೆಯೇ ಕೊಳೆಯೇನೋ ಎಂದು ತನ್ನ ಹಳೇ ಸೀರೆ ಹರಿದು ಎಂಟು ತುಂಡು ಮಾಡಿ, ಎಲ್ಲವನ್ನೂ ಒಗೆಯಲು ಹಾಕಿಸಿ, ದಿನಕ್ಕೊಂದರಂತೆ ಹಾಸಿದಳು. ಕೆರೆತ ಇನ್ನೂ ಜೋರಾಯಿತು.

ಅಷ್ಟರಲ್ಲಿ ಅನಂತರಾಜಯ್ಯನ ಕುತ್ತಿಗೆಯ ಹಿಂಭಾಗವೂ ಕೆರೆಯತೊಡಗಿತು. ಆಗತಾನೆ ಪುರಸಭೆಗೆ ಮೆಂಬರಾಗಿ, ಕಾಲರಿನ ಹೊಸ ಶರಟು ಆರು ಹೊಲಿಸಿಕೊಂಡಿದ್ದ ಮನುಷ್ಯ! ಸಭೆಯಲ್ಲಿ ಊರ ಚರಂಡಿಯ ಮೇಲೆ ಗಂಭೀರವಾಗಿ ಮಾತಾಡುತ್ತ, ಒಂದು ಕೈ ಕಾಲರಿನೊಳಗೆ ತೂರಿಸಿ ಪರಪರ ಕೆರೆದುಕೊಂಡರೆ ನೋಡುವವರಿಗೆ ಹೇಗಿರಬೇಡ. ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಗುಂಡಯ್ಯ ಎಂಬ ಕಾಂಪೌಂಡರ ಹತ್ತಿರ ಗಂಧಕದ ಮುಲಾಮು ತಂದ. ಅಣ್ಣನಿಗೂ ಬೆಕ್ಕಿಗೂ ಒಂದೇ ಡಬ್ಬಿಯ ಮುಲಾಮು. ಮನೆಯೆಲ್ಲ ನಾತ ಹೊಡೆಯಿತೇ ಹೊರತು ಇಬ್ಬರಿಗೂ ಗುಣ ಕಾಣಲಿಲ್ಲ.

“ಆ ಬೆಕ್ಕಿನ ಕಜ್ಜಿ ನಂಗೆ ಅಂಟ್ಕೊಂಡದೆ,” ಎಂದು ಅನಂತರಾಜಯ್ಯ ಒಂದು ಸಂಜೆ ತೀರ್ಪು ಕೊಟ್ಟ. “ಇನ್ನಿಪ್ಪತ್ತು ದಿನಕ್ಕೆ ದಶಲಕ್ಷಣ ಪರ್ವ, ಮನೆ ತುಂಬ ನೆಂಟರು ಬರ್ತಾರೆ. ನಾಳೆ ಬೋರಪ್ಪನ ಗಾಡೀಲಿ ಅದನ್ನ ಹರದನಹಳ್ಳಿ ಕಣಕ್ಕೆ ಸಾಗಿಸ್ತೀನಿ.”

ಹೊಸ್ತಿಲು ದಾಟಿ ಗೊತ್ತಿಲ್ಲದ ಬೆಕ್ಕು. ಕಣದ ನಾಯಿಗಳ ನಡುವೆ ಒಂದು ದಿನವೂ ಉಳಿಯುವುದಿಲ್ಲ ಎಂದು ರಾಜೀಮತಿಗೆ ಗೊತ್ತಿತ್ತು. ಆ ರಾತ್ರಿ ಅವಳು ಅದನ್ನು ಮಡಿಲಿಂದ ಇಳಿಸಲಿಲ್ಲ.

ಬೆಳಗ್ಗೆ ಬಾವಿಕಟ್ಟೆಯಲ್ಲಿ ತನ್ನ ಸೀರೆ ಒಗೆಯುತ್ತಿದ್ದಳು. ಅವಳದು ಕಟ್ಟುನಿಟ್ಟಿನ ಮಡಿ. ಅವಳ ಬಟ್ಟೆ ಅಗಸರ ಮನೆಗೆ ಹೋಗುವಂತಿರಲಿಲ್ಲ. ಸೀರೆ ಹಿಂಡುತ್ತಿದ್ದವಳಿಗೆ ತಟ್ಟನೆ ಅನ್ನಿಸಿತು: ಅಂಟುವ ಕಜ್ಜಿಯಾದರೆ ಮೊದಲು ಅಂಟಬೇಕಾದ್ದು ನನಗಲ್ಲವೆ? ದಿನವೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುವವಳು ನಾನು. ಅಣ್ಣಯ್ಯ ಅದನ್ನು ಒಂದು ದಿನವೂ ಮುಟ್ಟಿದವನಲ್ಲ. ನನಗಿಲ್ಲದ್ದು, ಅವರಿಬ್ಬರಿಗೂ ಇರುವುದು ಏನು? ಒಂದೇ ಅಡುಗೆ, ಒಂದೇ ನೀರು, ಒಂದೇ ಮನೆ. ಕೈಯಲ್ಲಿದ್ದ ಸೀರೆಯನ್ನೇ ನೋಡಿದಳು. ನನ್ನ ಬಟ್ಟೆ ನಾನು ಒಗೆದುಕೊಳ್ಳುತ್ತೇನೆ. ಬೆಕ್ಕಿನ ಬಟ್ಟೆಯನ್ನೂ ಮೊದಲು ನಾನೇ ಒಗೆಯುತ್ತಿದ್ದೆ. ಮಡಿ ಬಾವಿಯಲ್ಲಿ ಬೆಕ್ಕಿನ ಬಟ್ಟೆ ಬೇಡ ಎಂದು ಅತ್ತಿಗೆ ಪದ್ಮಾವತಮ್ಮ ಸಿಡುಕಿದ್ದು ಈ ಯುಗಾದಿಗೆ! ಅಲ್ಲಿಂದಾಚೆ ಅವೂ ಅಣ್ಣಯ್ಯನ ಶರಟಿನ ಜೊತೆ ಅಗಸರ ಮನೆಗೇ ಹೋಗುತ್ತಿವೆ.

ದೇವರು ಕಳಿಸಿದ ಹಾಗೆ ಅಗಸರ ದ್ಯಾವಯ್ಯ ಹಿತ್ತಲ ಬಾಗಿಲಲ್ಲಿ ಬಟ್ಟೆಗಂಟು ಇಳಿಸಿದ. ರಾಜೀಮತಿಯ ಕಣ್ಣು ಅವನ ಬೆರಳಿಗೆ ಹೋಯಿತು. ಎರಡು ಬೆರಳ ತುದಿ ಕೆಂಪಾಗಿ, ಚೆನ್ನಿಯ ಹೊಟ್ಟೆಯಂತೆಯೇ ಹುಣ್ಣಾಗಿತ್ತು.

“ಅದೇನೋ ದ್ಯಾವಯ್ಯ, ಬೆರಳಿಗೆ?”

“ಇದಾ ಅಮ್ಮಾವ್ರೆ, ಕರಿಗೇರುಕಾಯಿ ಎಣ್ಣೆ ತಗಲಿದ್ದು ಕಣಿ. ಯಾರ ಬಟ್ಟೆ ಯಾವ್ದು ಅಂತ ಗುರ್ತು ಆಕ್ತೀವಲ್ಲ, ಕರೀದು, ಅದೇಯ. ಕೆಲವ್ರ ಮೈಗೆ ಆಗಾಕಿಲ್ಲ. ಸುಟ್ಟಂಗಾಗಿ ಒಂದೇ ಸಮ ಕೆರೀತದೆ.”

ರಾಜೀಮತಿ ಬಟ್ಟೆಗಂಟಿನ ಕಡೆ ಬಗ್ಗಿದಳು. “ನಮ್ಮನೇದು ಯಾವ್ಯಾವ್ದಕ್ಕೆ ಹಾಕಿದ್ದೀಯ?”

“ಅಳೇವಕ್ಕೆ ಮೊದ್ಲಿಂದ್ಲೂ ಅವೆ, ಸೆರಗಿನ ತುದೀಲಿ. ಒಸಾವು ಅಂದ್ರೆ ಯಜಮಾನ್ರ ಶರಟು, ಕಾಲರೊಳ್ಗೆ ಆಕಿವ್ನಿ. ಆಮೇಲೆ ನಿಮ್ ಬೆಕ್ಕಿನ ಬಟ್ಟೆಗೊಳು. ಎಲ್ಲಾ ಒಂದೇ ತರ ಅವೆ, ತಪ್ಪೋಗ್ಬಾರ್ದು ಅಂತ ನಡೂಮದ್ಯಕ್ಕೆ ದಪ್ಪಕ್ಕೆ ಆಕ್ಬುಟ್ಟೆ,” ಎಂದ ದ್ಯಾವಯ್ಯ, ತನ್ನ ಜಾಗರೂಕತೆಯನ್ನು ತಾನೇ ಮೆಚ್ಚಿಕೊಂಡು.

ತುಂಡು ಹೆಚ್ಚಿದಷ್ಟೂ ಗುರುತು ಹೆಚ್ಚಿತ್ತು. ಅವಳ ಮುದ್ದೇ ಬೆಕ್ಕನ್ನು ಸುಡುತ್ತಿತ್ತು. ಅಳು ಬಂತು, ಅಳುವುದಕ್ಕೆ ಹೊತ್ತಿರಲಿಲ್ಲ. ಬೀದಿಯಲ್ಲಿ ಬೋರಪ್ಪನ ಗಾಡಿ ಬಂದು ನಿಂತಿತ್ತು, ಚೆನ್ನಿ ಆಗಲೇ ಗೋಣಿಚೀಲದೊಳಗೆ ಕೂಗುತ್ತಿತ್ತು. ರಾಜೀಮತಿ ಒದ್ದೆ ಕೈಯಲ್ಲೇ ಓಡಿಬಂದು ಚೀಲ ಕಿತ್ತುಕೊಂಡಳು.

“ರಾಜೀ!” ಎಂದು ಅನಂತರಾಜಯ್ಯ ಕೈಯೆತ್ತಿದ.

“ಕೈ ಇಳ್ಸು ಅಣ್ಣಯ್ಯ. ಶರಟು ಬಿಚ್ಚು.”

ಇಪ್ಪತ್ತೊಂದು ವರ್ಷದಲ್ಲಿ ಆ ದನಿ ಕೇಳಿರದ ಅನಂತರಾಜಯ್ಯ, ಪುರಸಭೆಯ ಮೆಂಬರು, ಗಾಡಿಯವನ ಎದುರಿಗೇ ಶರಟು ಬಿಚ್ಚಿದ. ಅವಳು ಕಾಲರು ಮಗುಚಿ ತೋರಿಸಿದಳು: ಬೆರಳಗಲದ ಕಪ್ಪು ಗುರುತು. ಅದನ್ನು ಅವನ ಕುತ್ತಿಗೆಗೆ ಹಿಡಿದಳು. ಹುಣ್ಣೂ ಗುರುತೂ ಅಳೆದಿಟ್ಟಂತೆ ಕೂತವು.

“ಹೌದು ಕಣಿ ಯಜಮಾನ್ರೆ, ಅಲ್ಲೇ ಅದೆ!” ಎಂದ ಬೋರಪ್ಪ, ಕರೆಯದೆಯೂ ಬಗ್ಗಿ ನೋಡಿ.

“ಹದಿನೈದು ದಿನ ಕೊಡು,” ಎಂದಳು ರಾಜೀಮತಿ. “ಗುರುತಿಲ್ದೆ ಇರೋ ಶರಟು ಹಾಕ್ಕೊ, ಅದಕ್ಕೂ ಗುರುತಿಲ್ದೆ ಇರೋ ಬಟ್ಟೇನೇ ಹಾಸ್ತೀನಿ, ಎರಡನ್ನೂ ನಾನೇ ಒಗೀತೀನಿ. ವಾಸಿಯಾಗ್ದಿದ್ರೆ ನಾನೇ ಗಾಡಿ ಹತ್ತಿಸ್ತೀನಿ.”

ಐದನೆಯ ದಿನಕ್ಕೆ ಚೆನ್ನಿ ಕೆರೆಯುವುದನ್ನು ಮರೆತು ಮಲಗಿತು. ಹತ್ತನೆಯ ದಿನಕ್ಕೆ ಹೊಟ್ಟೆಯ ಮೇಲೆ ಎಳೆಯ ಬಿಳಿ ಕೂದಲು ಮೂಡಿತು. ಅನಂತರಾಜಯ್ಯ ಸಭೆಯಲ್ಲಿ ಎರಡೂ ಕೈ ಮೇಜಿನ ಮೇಲಿಟ್ಟು ಮಾತಾಡಿ ಬಂದ. ಆಮೇಲೆ ಮನೆಯ ಹೊಸ ಬಟ್ಟೆಗಳಿಗೆಲ್ಲ ರಾಜೀಮತಿ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿ ಗುರುತು ಮಾಡಿದಳು. ಅದನ್ನು ನೋಡಿ ದ್ಯಾವಯ್ಯ ಉಳಿದ ಮನೆಗಳ ಬಟ್ಟೆಗೂ ದಾರವನ್ನೇ ಹಿಡಿದ, ಅವನ ಬೆರಳೂ ವಾಸಿಯಾಯಿತು.

ಪರ್ವಕ್ಕೆ ನೆಂಟರು ಬಂದರು. ಚನ್ನರಾಯಪಟ್ಟಣದ ಪದ್ಮರಾಜ, ಅವಳ ಗಂಡನ ದಾಯಾದಿ, ಹೊಸ ಪಂಚೆ ಉಟ್ಟು ಪಡಸಾಲೆಯಲ್ಲಿ ಕೂತು ಸೊಂಟ ಕೆರೆದುಕೊಳ್ಳುತ್ತ, “ಹಾಸನದಲ್ಲಿ ಒಳ್ಳೇ ಮುಲಾಮು ಸಿಗ್ತದಂತೆ, ಹೌದೇನ್ರಿ?” ಎಂದು ಕೇಳಿದ.

ಅನಂತರಾಜಯ್ಯ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. “ರಾಜೀ, ಬಾಮ್ಮ, ಇಲ್ಲಿ ಕೂತ್ಕೊ. ಇವರಿಗೆ ನೀನೇ ಹೇಳು,” ಎಂದ.

ಗಂಡಸರ ಆ ಬೆಂಚಿನ ಮೇಲೆ ರಾಜೀಮತಿ ಮೊದಲ ಸಲ ಕೂತಳು. ಹೇಳತೊಡಗಿದಳು. ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ.