ಕನ್ನಡದಲ್ಲಿ ಹೇಳು

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ಚಪ್ಪಲಿಯ ಹಾಗೆ ಹಿಂದಿ, ಬಂಗಾಳಿ, ಇಂಗ್ಲಿಷನ್ನೂ ಬಾಗಿಲಾಚೆ ಬಿಟ್ಟು ಒಳಗೆ ಬರಬೇಕು. ಮಾಡಿದವಳು ನಾನೇ. ಗಂಡನಿಗೆ ರೈಲ್ವೆ ಕೆಲಸ, ನನಗೆ ಎಸ್ಪ್ಲನೇಡ್ ಬಳಿ ಕೇಂದ್ರ ಸರ್ಕಾರದ ಕಚೇರಿ. ಕೋಲ್ಕತ್ತಾದಲ್ಲೇ ಹುಟ್ಟಿದ ಮಗಳು ಮೈಸೂರಿನ ಅಜ್ಜಿಯ ಮುಂದೆ ತಡವರಿಸಬಾರದು ಎಂಬುದು ನನ್ನ ಹಟ. ಅವಳು ಬೇರೆ ಭಾಷೆಯಲ್ಲಿ ಬಾಯಿಬಿಟ್ಟರೆ ಕಿವುಡಿಯಂತೆ ನಟಿಸುತ್ತಿದ್ದೆ. "ಕೇಳಿಸ್ಲಿಲ್ಲ. ಕನ್ನಡದಲ್ಲಿ ಹೇಳು." ಗಂಡ ನನ್ನನ್ನು ಕನ್ನಡ ಪೊಲೀಸು ಎಂದು ಕಾಡಿಸುತ್ತಿದ್ದರು. ಚಿಕ್ಕವಳಿದ್ದಾಗ ಮಗಳಿಗೂ ಅದು ಆಟ. ಸರಿಯಾಗಿ ಹೇಳಿ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದಳು.

ರೈಲ್ವೆ ಕ್ವಾರ್ಟರ್ಸ್ ಬಿಟ್ಟು ಊರಂಚಿನ ಜೋಕಾ ಕಡೆಯ ಫ್ಲ್ಯಾಟಿಗೆ ಬಂದಾಗ ಅವಳಿಗೆ ಹದಿನೈದು. ಶಾಲೆ ಬದಲಾಯಿತು, ಇದ್ದ ಒಬ್ಬಳೇ ಗೆಳತಿ ದೂರವಾದಳು. ಹೊಸ ಶಾಲೆಯಲ್ಲಿ ಅವಳ ಬಗ್ಗೆ ಯಾರೋ ಏನೋ ಹಬ್ಬಿಸಿ, ಇಡೀ ತರಗತಿ ಅವಳೊಡನೆ ಮಾತು ಬಿಟ್ಟಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಬಡಿಸಿದ್ದು ತಟ್ಟೆಯಲ್ಲೇ ಉಳಿಯುವುದು, ಶಾಲೆಯಿಂದ ಬಂದವಳು ಯೂನಿಫಾರ್ಮಿನಲ್ಲೇ ಮಲಗಿಬಿಡುವುದು. ವಯಸ್ಸಿನ ಕೊಬ್ಬು ಎಂದುಕೊಂಡೆ. ದುರ್ಗಾಪೂಜೆಗೆ ಬಟ್ಟೆ ಕೊಳ್ಳೋಣ ಬಾ ಎಂದರೆ ಬೇಡ ಎಂದಳು. ಪ್ರಾಣವೇ ಆಗಿದ್ದ ಬಣ್ಣದ ಪೆಟ್ಟಿಗೆಯನ್ನು ಕೆಳಗಿನ ಮನೆಯ ಪುಟ್ಟ ಹುಡುಗಿಗೆ ಕೊಟ್ಟುಬಿಟ್ಟಳು. "ನಿನ್ನ ಮೊಮ್ಮಗಳದು ಎಂಥ ದೊಡ್ಡ ಮನಸ್ಸು ಗೊತ್ತಾ?" ಎಂದು ಅಮ್ಮನಿಗೆ ಫೋನಿನಲ್ಲಿ ಜಂಬ ಕೊಚ್ಚಿದೆ.

ಆ ವಾರವೇ ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಹೇಳಿದಳು: "ಅಮ್ಮಾ, ಮುಝ್‌ಸೆ ಔರ್ ನಹೀ ಹೋಗಾ." ಇನ್ನು ನನ್ನ ಕೈಲಿ ಆಗೋದಿಲ್ಲ ಅಂತ. ನನಗೆ ಚೆನ್ನಾಗಿಯೇ ಕೇಳಿಸಿತು. ಪಾಠ ಜಾಸ್ತಿಯಾಗಿರಬೇಕು ಎಂದುಕೊಂಡು, ತಿರುಗಿಯೂ ನೋಡದೆ ಅಂದೆ: "ಕೇಳಿಸ್ಲಿಲ್ಲ. ಕನ್ನಡದಲ್ಲಿ ಹೇಳು."

ಸ್ವಲ್ಪ ಹೊತ್ತು ನಿಂತೇ ಇದ್ದಳು. ಮಾತು ಹುಡುಕುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ಕಲಿಸಿದ್ದು ಭಾನುವಾರ ಅಜ್ಜಿಗೆ ಫೋನಿನಲ್ಲಿ ಒಪ್ಪಿಸುವ ಕನ್ನಡ. ಊಟ ಆಯ್ತು, ಓದ್ತಿದ್ದೀನಿ, ಚೆನ್ನಾಗಿದ್ದೀನಿ. ಸಂಕಟ ಹೇಳಿಕೊಳ್ಳುವ ಒಂದು ಮಾತನ್ನೂ ಕಲಿಸಿರಲಿಲ್ಲ.

"ಏನಿಲ್ಲಮ್ಮ" ಎಂದು ಹೋದಳು.

ಎರಡು ದಿನದ ನಂತರ ಕಚೇರಿಗೆ ಫೋನ್ ಬಂತು. ಪಕ್ಕದ ಮನೆಯವರು ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಸಾಯಲು ಹೊರಟಿದ್ದಳು. ಏನು ಮಾಡಿಕೊಂಡಳು ಎಂದು ಬರೆಯುವುದಿಲ್ಲ. ಬದುಕಿ ಉಳಿದಳು.

ಮನೋವೈದ್ಯೆ ನನ್ನನ್ನು ಕೂರಿಸಿಕೊಂಡು ಹಿಂದಿಯಲ್ಲಿ ಒಂದೊಂದಾಗಿ ಕೇಳಿದರು. ನಿದ್ದೆ ಹೇಗಿತ್ತು, ಸ್ನೇಹಿತರಿದ್ದರೇ, ಇಷ್ಟದ ವಸ್ತು ಯಾರಿಗಾದರೂ ಕೊಟ್ಟಳೇ. ಬಣ್ಣದ ಪೆಟ್ಟಿಗೆ, ಎಂದೆ. ಇದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ, ಹಲವು ಸೇರಿಕೊಂಡಿರುತ್ತವೆ ಎಂದು ಸಮಾಧಾನ ಹೇಳಿದರು. ಆಮೇಲೆ ಕೇಳಿದರು: ನಿಮಗೆ ಏನಾದರೂ ಹೇಳಿದ್ದಳೇ?

ಕೇಳಿಸಲಿಲ್ಲ, ಎಂದೆ. ಆ ಸುಳ್ಳನ್ನು ಇವತ್ತಿಗೂ ಯಾರ ಮುಂದೆಯೂ ತಿದ್ದಿಲ್ಲ.

ಸಾವಿನ ಯೋಚನೆ ಇದೆಯಾ ಎಂದು ಇನ್ನು ಮೇಲೆ ಅವಳನ್ನು ನೇರವಾಗಿಯೇ ಕೇಳಬೇಕು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಹೇಳಿ ವೈದ್ಯೆ ಕಳಿಸಿದರು.

ವರ್ಷವಾಯಿತು. ಚಿಕಿತ್ಸೆ ನಡೆದಿದೆ, ಹಳೆಯ ಗೆಳತಿ ಶನಿವಾರ ಬರುತ್ತಾಳೆ, ಮನೆಯ ಕಾನೂನು ಹೋಯಿತು. ಆದರೆ ಸಾಸಿವೆ ಸಿಡಿದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತದೆ. ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅವಳು ಅಚ್ಚುಕಟ್ಟಾಗಿ "ಚೆನ್ನಾಗಿದ್ದೀನಮ್ಮ" ಎಂದರಂತೂ ನನಗೆ ನಂಬಿಕೆ ಬರುವುದಿಲ್ಲ.

ಮೊನ್ನೆ ಹಾಗೇ ಅಂದಳು. ಒಲೆ ಆರಿಸಿ, ಅವಳ ಪಕ್ಕ ಕೂತು, ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ: ಸಾಯಬೇಕು ಅನ್ನಿಸುತ್ತಿದೆಯಾ?

ಅವಳು ನನ್ನ ಕಡೆ ತಿರುಗಿದಳು.

"ಆಜ್ ನಹೀ, ಅಮ್ಮಾ."

ಇವತ್ತಿಲ್ಲ. ನಾಳೆ ಮತ್ತೆ ಕೇಳಬೇಕು.