ಒಂಟಿಸಲಗಕ್ಕೆ ಎಷ್ಟನೇ ಸ್ಥಾನ

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಶುಕ್ರವಾರ ಬೆಳಿಗ್ಗೆ ನಾನು ಇಳಿದಾಗ ಚಾಂಗಿ ನಿಲ್ದಾಣದ ಗಾಜಿನಾಚೆ ಮಳೆ ಹಿಡಿದುಕೊಂಡಿತ್ತು. ಕರೆದುಕೊಂಡು ಹೋಗಲು ತಂಗಿ ವಿದ್ಯಾ ಬರುತ್ತೇನೆಂದಿದ್ದಳು. ಬಂದದ್ದು ಅವಳ ಗಂಡ ಕಿರಣ್.

“ಸಾರಿ ಅಕ್ಕ, ಅವಳಿಗೆ ಕಾಲ್ ಇದೆ. ಈ ವಾರ ಪೂರ್ತಿ ಹಿಂಗೇ. ಅಮೆರಿಕದಲ್ಲಿ ಎಲೆಕ್ಷನ್, ನಮ್ಮನೇಲಿ ಕರ್ಫ್ಯೂ.”

ಅವರ ಮನೆಯಿದ್ದ ಚೋವಾ ಚು ಕಾಂಗ್ ಊರಿನ ಇನ್ನೊಂದು ತುದಿ. ಎಂಆರ್‌ಟಿ ರೈಲಿನಲ್ಲಿ ಎರಡು ಕಡೆ ಗಾಡಿ ಬದಲಿಸಿ, ಒಂದು ಗಂಟೆಗೂ ಮೀರಿ ಕೂತು ಹೋದೆವು. ದಾರಿಯಲ್ಲಿ ಕಿರಣ್ ಮನೆಯ ಪರಿಸ್ಥಿತಿ ಹೇಳಿದ. ವಿದ್ಯಾ ಕೆಲಸ ಮಾಡುವುದು ಚುನಾವಣೆಗಳ ಫಲಿತಾಂಶವನ್ನು ಮುಂಚಿತವಾಗಿ ಅಂದಾಜು ಮಾಡಿ, ಬಂಡವಾಳ ಹೂಡುವವರಿಗೆ ಮಾರುವ ಒಂದು ಚಿಕ್ಕ ಕಂಪನಿಯಲ್ಲಿ. ಅವಳ ವರ್ಕ್ ಪಾಸ್ ಏಪ್ರಿಲ್‌ಗೆ ಮುಗಿಯುತ್ತದೆ. ಕಂಪನಿ ಈ ಸಲ ಎಲ್ಲರನ್ನೂ ಉಳಿಸಿಕೊಳ್ಳುವುದಿಲ್ಲವಂತೆ. ಕಿರಣ್‌ಗೆ ಕಳೆದ ವರ್ಷ ಕೆಲಸ ಹೋಗಿತ್ತು; ಅವನೂ ಎಂಟು ವರ್ಷದ ಮಗಳು ಇಶಾಳೂ ಈಗ ವಿದ್ಯಾಳ ಪಾಸಿನ ಮೇಲೆಯೇ ಅಲ್ಲಿದ್ದರು.

“ಅವಳದು ಹೋದ್ರೆ ಮೂರೂ ಜನ ಗಂಟುಮೂಟೆ ಕಟ್ಟೋದೇ,” ಎಂದು ಕಿರಣ್ ನಕ್ಕ. ನಗು ಜುರಾಂಗ್ ಈಸ್ಟ್ ನಿಲ್ದಾಣ ಬರುವ ಮೊದಲೇ ನಿಂತುಹೋಯಿತು.

ಮನೆ ಹನ್ನೆರಡನೇ ಮಹಡಿಯಲ್ಲಿ. ಕೆಳಗೆ, ವಾಯ್ಡ್ ಡೆಕ್ ಎಂದು ಕರೆಯುವ ಕಟ್ಟಡದ ತಳದ ತೆರೆದ ಜಾಗದಲ್ಲಿ, ಚೀನೀ ಹೊಸ ವರ್ಷಕ್ಕೆಂದು ಕೆಂಪು ದೀಪಗಳನ್ನು ಕಟ್ಟುತ್ತಿದ್ದರು. ವಿದ್ಯಾ ಮಧ್ಯಾಹ್ನ ಕೋಣೆಯಿಂದ ಹೊರಬಂದು ನನ್ನನ್ನು ಅಪ್ಪಿಕೊಂಡಳು. ತೂಕ ಇಳಿದಿತ್ತು. ಊಟಕ್ಕೆ ಕೂತಾಗಲೂ ಫೋನು ತಟ್ಟೆಯ ಪಕ್ಕದಲ್ಲೇ ಇತ್ತು.

ಶನಿವಾರ ಇಡೀ ದಿನ ಮಳೆ. ನಾವು ಎಲ್ಲಿಗೂ ಹೋಗಲಿಲ್ಲ. ಅಂದು ಅವಳು ತನ್ನ ಕೆಲಸವನ್ನು ನನಗೆ ನಿಧಾನವಾಗಿ ತಿಳಿಸಿದಳು. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುಂಚೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಒಂದೊಂದೇ ರಾಜ್ಯ ಮತ ಹಾಕುತ್ತದೆ, ಅದು ಪ್ರೈಮರಿ. ಮೊದಲ ರಾಜ್ಯಗಳಲ್ಲಿ ಹಿಂದೆ ಬಿದ್ದವರಿಗೆ ದೇಣಿಗೆ ನಿಂತು, ಅವರು ಅಲ್ಲಿಗೇ ಮನೆ ಸೇರುತ್ತಾರೆ. ಈ ಸಲದ್ದು ಹಿಮ ಬೀಳುವ ಒಂದು ಪುಟ್ಟ ರಾಜ್ಯ. ಕಣದಲ್ಲಿ ಆರು ಜನ. ಐವರ ಬಗ್ಗೆ ಹೆಚ್ಚು ಜಗಳವಿರಲಿಲ್ಲ. ತಲೆನೋವು ಆರನೆಯವನದು. ಸರ್ಕಾರ ಜನರ ಬದುಕಿನಿಂದ ಆದಷ್ಟು ದೂರ ನಿಲ್ಲಬೇಕು, ತೆರಿಗೆ ಇಳಿಸಬೇಕು, ಇಲಾಖೆಗಳಿಗೆ ಬೀಗ ಹಾಕಬೇಕು, ಪರದೇಶಗಳಲ್ಲಿರುವ ಸೈನಿಕರನ್ನು ವಾಪಸು ಕರೆಸಬೇಕು ಎನ್ನುವವನು. ಪಕ್ಷದ ದೊಡ್ಡವರು ಯಾರೂ ಅವನ ಕಡೆಗಿರಲಿಲ್ಲ. ಕಿರಣ್ ಅವನಿಗೆ ಒಂಟಿಸಲಗ ಎಂದು ಹೆಸರಿಟ್ಟಿದ್ದ.

“ಆ ಮನುಷ್ಯ ಒಂದು ವಾರ ಸಿಂಗಪುರದಲ್ಲಿ ಇದ್ರೆ ಸಾಕು ಅಕ್ಕ,” ಎಂದ ಕಿರಣ್, ಬಟ್ಟೆ ಮಡಚುತ್ತ. “ಚ್ಯೂಯಿಂಗ್ ಗಮ್ ಮಾರೋಕೆ ಬಿಡಲ್ಲ ಅಂದಿದ್ದಕ್ಕೇ ಒಂದು ಪಾರ್ಟಿ ಕಟ್ಬಿಡ್ತಾನೆ.”

“ನಾನು ಅವರ ಪಾರ್ಟಿ ಸೇರ್ತೀನಿ ಲಾ,” ಎಂದಳು ಇಶಾ, ಅಲ್ಲಿನ ಮಕ್ಕಳ ಧಾಟಿಯಲ್ಲಿ.

ವಿದ್ಯಾ ನಗಲಿಲ್ಲ. ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ದೂರವಾಣಿ ಸಮೀಕ್ಷೆಗಳೆಲ್ಲ ಒಂಟಿಸಲಗಕ್ಕೆ ಐದನೇ ಸ್ಥಾನ ಕೊಡುತ್ತಿದ್ದವು. ಆದರೆ ಆ ಸಮೀಕ್ಷೆಗಳು ಹಿಂದಿನ ಸಲ ಮತ ಹಾಕಿದವರ ಮಾತನ್ನು ಮಾತ್ರ ಎಣಿಸುತ್ತವೆ. ಹಿಂದೆ ಎಂದೂ ಹಾಕದವರ ಉತ್ತರವನ್ನು, ಇವರು ಈ ಸಲವೂ ಬರಲಾರರೆಂದು, ಬದಿಗೆ ಸರಿಸುತ್ತವೆ. ಹಾಗೆ ಬದಿಗೆ ಸರಿಸಿದ ಉತ್ತರಗಳನ್ನು ಅವಳು ಓದಿದ್ದಳು.

“ಅವ್ರಿಗೆ ತಮ್ಮ ಬೂತ್ ಯಾವ ಸ್ಕೂಲಲ್ಲಿದೆ ಅಂತಾನೂ ಗೊತ್ತು ಅಕ್ಕ. ಬರದೇ ಇರೋರಿಗೆ ಅದ್ಯಾಕೆ ಗೊತ್ತಿರತ್ತೆ? ಆ ರಾಜ್ಯದಲ್ಲಿ ಯಾವ ಪಾರ್ಟಿಗೂ ಸೇರದೇ ಇರೋರೂ ಬಂದು ಓಟ್ ಹಾಕ್ಬಹುದು. ಅವ್ನು ಮೂರನೇದಾಗಿ ಬರ್ತಾನೆ.”

“ಹಾಗಾದ್ರೆ ಹಾಗೇ ಹೇಳು.”

“ಹೇಳ್ತೀನಿ. ಮಂಗಳವಾರ. ಅಲ್ಲೀವರೆಗೂ ಆಫೀಸಲ್ಲಿ ಯಾರಿಗೂ ಹೇಳೋ ಹಾಗಿಲ್ಲ.”

ಅವರ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಮತದಾನದ ಮುಂಚಿನ ಕೊನೆಯ ಸಭೆಯಲ್ಲಿ ಐದು ಜನ ಒಬ್ಬೊಬ್ಬರಾಗಿ ತಮ್ಮ ಅಂದಾಜು ಹೇಳಬೇಕು. ಕೆಳಗಿನವರು ಮೊದಲು, ಮುಖ್ಯಸ್ಥರು ಕೊನೆಗೆ. ದೊಡ್ಡವರು ಮೊದಲು ಬಾಯಿ ಬಿಟ್ಟರೆ ಉಳಿದವರೆಲ್ಲ ಅದನ್ನೇ ಹೇಳುತ್ತಾರೆಂದು ಈ ನಿಯಮ. ತಂಡದಲ್ಲಿ ವಿದ್ಯಾಳೇ ಕೊನೆಗೆ ಸೇರಿದವಳು. ಆದ್ದರಿಂದ ಮೊದಲ ಮಾತು ಅವಳದು.

ತಂಡದ ಮುಖ್ಯಸ್ಥರು ಪ್ರಭಾಕರ್, ಉಡುಪಿ ಕಡೆಯವರು. ಇಪ್ಪತ್ತು ವರ್ಷದಿಂದ ಸಿಂಗಪುರದಲ್ಲಿದ್ದಾರೆ. ವಿದ್ಯಾಳನ್ನು ಕೆಲಸಕ್ಕೆ ಕರೆಸಿಕೊಂಡವರು ಅವರೇ. ಮನೆ ಸಿಗುವವರೆಗೆ ಒಂದು ತಿಂಗಳು ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ವಿದ್ಯಾಳ ಬಾಯಲ್ಲಿ ಮಾತ್ರ ಅವರು ಸರ್.

ಭಾನುವಾರ ಸಂಜೆ ಅವರು ನನ್ನ ನೆಪದಲ್ಲಿ ಮನೆಯವರೆಲ್ಲರನ್ನೂ ಬೆಡೋಕ್‌ಗೆ ಊಟಕ್ಕೆ ಕರೆದರು. ಮಳೆ ಬಿಟ್ಟಿತ್ತು. ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಹೊಗೆ, ಬಾಣಲೆಯ ಸದ್ದು, ಬೆಳ್ಳುಳ್ಳಿಯ ವಾಸನೆ. ಪ್ರಭಾಕರ್ ತಮಗೆ ಬಾಳೆ ಎಲೆಯಲ್ಲಿ ಸುಟ್ಟ ಮೀನು ತಂದರು, ನಮಗೆ ದೋಸೆ ಹುಡುಕಿಕೊಟ್ಟರು. ಎತ್ತರದ ಆಳು, ಅಡ್ಡಾಡುವಾಗ ಸ್ವಲ್ಪ ಕುಂಟುತ್ತಿದ್ದರು. ಅವರ ಹೆಂಡತಿ ಶಶಿಕಲಾ ಮನೆಯಿಂದಲೇ ಪತ್ರೊಡೆ ಮಾಡಿ ತಂದಿದ್ದರು.

“ನೀವು ಮೈಸೂರು ಕೋರ್ಟಿನಲ್ಲಿ ಸ್ಟೆನೋ ಅಂತಲ್ವಾ?” ಎಂದು ಪ್ರಭಾಕರ್ ನನ್ನನ್ನು ಕೇಳಿದರು. “ಹಾಗಾದ್ರೆ ನಿಮ್ಮೆದುರು ಸುಳ್ಳು ಹೇಳುವ ಹಾಗಿಲ್ಲ.”

“ನನ್ನೆದುರು ಎಲ್ಲರೂ ಹೇಳ್ತಾರೆ ಸರ್. ನಾನು ಬರ್ಕೊಳ್ತೀನಿ ಅಷ್ಟೆ.”

ಅವರು ಜೋರಾಗಿ ನಕ್ಕರು. ಊಟ ಮುಗಿಯುತ್ತ ಬಂದಾಗ ಕಿರಣ್, ಸುಮ್ಮನೆ ಮಾತಿಗೆ, ನಿಮ್ಮ ಸಲಗ ಹೇಗಿದ್ದಾನೆ ಸರ್ ಎಂದ.

“ಎಂತ ಸಲಗ ಮಾರಾಯ? ಐದನೇದು ಬಂದ್ರೆ ಹೆಚ್ಚು. ಮೀಟಿಂಗಿಗೆ ಬರುವ ಜನ ಬೇರೆ, ಓಟು ಹಾಕುವ ಜನ ಬೇರೆ. ನಮ್ಮ ಊರಲ್ಲಿ ಒಬ್ಬ ಪಕ್ಷೇತರ ನಿಂತಿದ್ದ. ಅವನ ಭಾಷಣಕ್ಕೆ ಗದ್ದೆ ತುಂಬ ಜನ, ಬಯಲಾಟಕ್ಕೆ ಸೇರಿದ ಹಾಗೆ. ನಾನೂ ಹೋಗಿ ಚಪ್ಪಾಳೆ ತಟ್ಟಿದ್ದೆ. ಕಡೆಗೆ ಠೇವಣಿ ಹೋಯ್ತು.” ಅಷ್ಟು ಹೇಳಿ ವಿದ್ಯಾಳ ಕಡೆ ತಿರುಗಿದರು. “ನಿಂದೆಂತ ಮಾರಾಯ್ತಿ?”

“ಇನ್ನೂ ನೋಡ್ತಾ ಇದೀನಿ ಸರ್.”

“ನೋಡು, ನೋಡು,” ಎಂದು ಅವರು ತಟ್ಟೆಗಳನ್ನು ಎತ್ತಿಕೊಂಡು ವಾಪಸು ಇಡಲು ಹೋದರು. ಶಶಿಕಲಾ ಉಳಿದ ಪತ್ರೊಡೆಯನ್ನು ಡಬ್ಬಿಗೆ ಹಾಕಿ ಇಶಾಳ ಕೈಗೆ ಕೊಟ್ಟರು.

ಹಿಂದಿರುಗುವಾಗ ರೈಲಿನಲ್ಲಿ ವಿದ್ಯಾ ಫೋನಿನಲ್ಲಿ ತನ್ನ ಲೆಕ್ಕವನ್ನೇ ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು.

ಮಂಗಳವಾರ ಬೆಳಿಗ್ಗೆಯ ಸಭೆ ವಿಡಿಯೋದಲ್ಲಿ. ಅವಳ ಮೇಜು ಹಜಾರದ ಮೂಲೆಯಲ್ಲಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ, ಸೊಪ್ಪು ಬಿಡಿಸುತ್ತ ಕೂತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಲಂಡನ್ನಿನಲ್ಲಿ ಆಗ ನಡುರಾತ್ರಿ, ಆದರೂ ಅಲ್ಲಿರುವ ಕಂಪನಿಯ ದೊಡ್ಡ ಅಧಿಕಾರಿಯೂ ಕೇಳಿಸಿಕೊಳ್ಳುತ್ತಿದ್ದಾರೆಂದು ಯಾರೋ ಹೇಳಿದರು. ಆಮೇಲೆ ಪ್ರಭಾಕರ್ ಅವರ ದನಿ: ವಿದ್ಯಾ, ನಿನ್ನಿಂದ ಶುರು.

ಅವಳು ಮೊದಲ ಎರಡು ಹೆಸರುಗಳನ್ನು ಸ್ಪಷ್ಟವಾಗಿ ಹೇಳಿದಳು. ನಂತರ ಒಂಟಿಸಲಗದ ವಿಷಯಕ್ಕೆ ಬಂದಳು. ನನ್ನ ಕೈ ಸೊಪ್ಪಿನ ಮೇಲೆ ನಿಂತಿತು.

“ಅವರು ಐದನೇ ಸ್ಥಾನ,” ಎಂದಳು.

ಕಾರಣ ಕೇಳಿದರು. ಸಭೆಗೆ ಬರುವ ಜನ ಬೇರೆ, ಮತ ಹಾಕುವ ಜನ ಬೇರೆ ಎಂದಳು. ಉಳಿದ ಮೂವರೂ ಐದು ಎಂದರು. ಕೊನೆಗೆ ಪ್ರಭಾಕರ್. ತಮ್ಮದೂ ಐದೇ; ವಿದ್ಯಾ ತನ್ನಷ್ಟಕ್ಕೆ ತಾನೇ ಅದೇ ಉತ್ತರಕ್ಕೆ ಬಂದದ್ದು ತಮಗೆ ಧೈರ್ಯ ಕೊಟ್ಟಿತು ಎಂದರು. ಆ ದನಿಯಲ್ಲಿ ಕಪಟ ಇರಲಿಲ್ಲ. ಬೆಡೋಕಿನಲ್ಲಿ ತಾವು ಆಡಿದ ಮಾತು ಅವರಿಗೆ ಮರೆತೇಹೋಗಿತ್ತು. ಅದು ನನ್ನನ್ನು ಹೆಚ್ಚು ಹೆದರಿಸಿತು.

ಸಭೆ ಮುಗಿದ ಮೇಲೆ ಕಿರಣ್ ಒಳಗಿನಿಂದ ಬಂದ.

“ನಂಗೂ ಮೂರು ಅಂತಿದ್ದೆ?”

“ಸರ್ ಮುಖ ನೋಡ್ಕೊಂಡು ಹೆಂಗ್ ಹೇಳ್ಲಿ? ಅವ್ರನ್ನ ಎಲ್ರ ಮುಂದೆ ತಪ್ಪು ಅಂದಂಗಾಗಲ್ವಾ?”

“ಅದಕ್ಕೇ ಅಲ್ವೇನೇ ಮೊದ್ಲು ನಿನ್ನ ಕೇಳೋದು?”

“ಪಾಸ್ ನಂದು ಕಿರಣ್. ಸುಮ್ನಿರು.”

ಅಮೆರಿಕದ ಸಂಜೆ ಎಂದರೆ ಸಿಂಗಪುರದ ಮರುದಿನದ ಬೆಳಿಗ್ಗೆ. ಬುಧವಾರ ಇಶಾಳನ್ನು ಶಾಲೆಗೆ ಕಳಿಸಿ ಉಪ್ಪಿಟ್ಟು ಮುಂದಿಟ್ಟುಕೊಂಡು ನಾವು ಮೂವರೂ ಟಿವಿ ನೋಡುತ್ತ ಕೂತೆವು. ಎಣಿಕೆ ಶುರುವಾದಾಗ ಒಂಟಿಸಲಗ ಐದನೆಯವನು. ವಿದ್ಯಾ ಕಾಲು ಮಡಚಿ ಕೂತಳು. ಒಂದು ಕಾಲೇಜು ಪಟ್ಟಣದ ಲೆಕ್ಕ ಬಂತು, ನಾಲ್ಕನೆಯವನಾದ. ಆಮೇಲೆ ಹಳ್ಳಿಗಳ ಲೆಕ್ಕ. ಹಿಮದಲ್ಲಿ ಸಾಲು ನಿಂತ ಜನರನ್ನು ತೋರಿಸಿದರು. ತಾನು ಮತ ಹಾಕಿದ್ದು ಬದುಕಿನಲ್ಲಿ ಇದೇ ಮೊದಲು ಎಂದು ಗಡ್ಡದವನೊಬ್ಬ ನಗುತ್ತ ಹೇಳಿದ. ಉಪ್ಪಿಟ್ಟು ತಣ್ಣಗಾಯಿತು. ಮಧ್ಯಾಹ್ನಕ್ಕೆ ಮುಂಚೆಯೇ ಅವನ ಹೆಸರು ಮೂರನೇ ಸಾಲಿಗೆ ಏರಿ ಅಲ್ಲೇ ನಿಂತಿತು.

ತನ್ನ ಲೆಕ್ಕ ನಿಜವಾದದ್ದನ್ನು ನೋಡಿ ಯಾರಾದರೂ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಕಂಡಿಲ್ಲ.

ಗುರುವಾರ ಲಂಡನ್ನಿನಿಂದ ಬಂದ ಪ್ರಶ್ನೆ ಒಂದೇ: ಐದು ಎಂದು ಮೊದಲು ಹೇಳಿದವರು ಯಾವ ಆಧಾರದ ಮೇಲೆ ಹೇಳಿದರು? ಸಭೆಯ ದಾಖಲೆಯಲ್ಲಿ ಮೊದಲ ಹೆಸರು ವಿದ್ಯಾಳದಾಗಿತ್ತು. ಉತ್ತರ ಬರುವವರೆಗೆ ಅವಳ ಪಾಸಿನ ವಿಷಯ ತಡೆಹಿಡಿದಿದ್ದಾರೆಂದು ತಿಳಿಯಿತು. ಆ ಎರಡು ದಿನ ಮನೆಯಲ್ಲಿ ಎಲ್ಲರೂ ಮೆಲ್ಲನೆ ಓಡಾಡಿದೆವು. ಇಶಾ ಕೂಡ ಕೇಳಿದಳು: “ದೊಡ್ಡಮ್ಮ, ಅಮ್ಮನ್ನ ಟೀಚರ್ ಬೈದ್ರಾ?”

ಶನಿವಾರ ಸಂಜೆ ಪ್ರಭಾಕರ್ ವಿದ್ಯಾಳನ್ನು ಪಾಸಿರ್ ರಿಸ್ ಕಡಲತೀರಕ್ಕೆ ಬರಹೇಳಿದರು. ಜೊತೆಗೆ ನಾನೂ ಹೋದೆ. ಅಲ್ಲಿ ಅಲೆಗಳಿಲ್ಲ. ಮಣ್ಣು ಬಣ್ಣದ ನೀರು, ಆಚೆ ಹಸಿರು ದ್ವೀಪ, ತಲೆಯ ಮೇಲೆ ಚಾಂಗಿಗೆ ಇಳಿಯುವ ವಿಮಾನಗಳು. ಯಾರೋ ಕುಟುಂಬದವರು ಕೆಂಡದ ಮೇಲೆ ಜೋಳ ಸುಡುತ್ತಿದ್ದರು. ಪ್ರಭಾಕರ್ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು.

“ಬಾ ಮಾರಾಯ್ತಿ. ನಾನು ಲಂಡನ್ನಿಗೆ ಬರೀಬೇಕು. ಐದು ಅಂತ ನಿನಗೆ ಯಾಕೆ ಅನಿಸಿತು, ಅದನ್ನು ಸರಿಯಾಗಿ ಹೇಳು. ಕಾರಣ ಗಟ್ಟಿ ಇದ್ರೆ ನಾನು ನಿನ್ನ ಬಿಟ್ಟುಕೊಡುವುದಿಲ್ಲ.”

ವಿದ್ಯಾ ನಿಂತೇ ಇದ್ದಳು. ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ನನಗೆ ಅನ್ನಿಸ್ಲಿಲ್ಲ ಸರ್. ಐದು ನಂದಲ್ಲ. ನೀವು ಭಾನುವಾರ ಬೆಡೋಕಲ್ಲಿ ಹೇಳಿದ್ದು. ಅದನ್ನೇ ನಾನು ನಿಮಗೆ ವಾಪಸ್ ಹೇಳ್ದೆ. ನಂದು ಮೂರು ಇತ್ತು.”

ಪ್ರಭಾಕರ್ ನೀರಿನ ಕಡೆ ತಿರುಗಿದರು.

“ರಿಸಲ್ಟ್ ಬಂದ ಮೇಲೆ ಎಲ್ಲರದ್ದೂ ಮೂರೇ ಅಮ್ಮ,” ಎಂದರು. ಬೈದ ಹಾಗಿರಲಿಲ್ಲ, ಆದರೆ ಆ ಮಾತು ಅವಳ ಮೇಲೆ ಏಟಿನಂತೆ ಬಿತ್ತು.

ನಾನು ನಡುವೆ ಬಾಯಿ ಹಾಕಿದೆ. “ಹೋದ ಶನಿವಾರವೇ ನನಗೆ ಹೇಳಿದ್ದಳು ಸರ್. ಮೂರು ಅಂತ. ಯಾಕೆ ಅಂತಾನೂ ಹೇಳಿದ್ದಳು.”

“ನೀವು ಅವಳ ಅಕ್ಕ.”

“ಹೌದು.”

ಒಡಹುಟ್ಟಿದವರ ಸಾಕ್ಷ್ಯಕ್ಕೆ ಎಷ್ಟು ತೂಕವೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನಾನು ಬೆಡೋಕಲ್ಲಿ ಹೇಳಿದ್ದು ಹೌದಾ?” ಎಂದು ಅವರು ನನ್ನನ್ನೇ ಕೇಳಿದರು.

ಊಟ ಮುಗಿಯುತ್ತ ಬಂದಾಗ ಕಿರಣ್ ಕೇಳಿದ್ದು, ಅವರ ಊರಿನ ಪಕ್ಷೇತರ, ಗದ್ದೆ ತುಂಬಿದ ಜನ, ಠೇವಣಿ, ಎಲ್ಲವನ್ನೂ ಅವರು ಆಡಿದ ಮಾತಿನಲ್ಲೇ, ಅದೇ ಕ್ರಮದಲ್ಲಿ ಹೇಳಿದೆ. ಅವರು ಮುಖ ಒರೆಸಿಕೊಂಡರು.

“ಹಾಗಾದ್ರೆ ಆ ಮೀಟಿಂಗಲ್ಲಿ ಐದು ಜನ ಇರಲೇ ಇಲ್ಲ. ನಾನೊಬ್ಬನೇ ಮಾತಾಡಿದ್ದು,” ಎಂದು ಎದ್ದರು. ನಡಿಗೆಯಲ್ಲಿ ಕುಂಟು ಹೆಚ್ಚಾಗಿತ್ತು.

ಸೋಮವಾರ ಅವರ ಫೋನು ಬಂತು. ವಿದ್ಯಾ ನಮಗೂ ಕೇಳಿಸುವಂತೆ ಸ್ಪೀಕರ್ ಹಾಕಿದಳು.

“ಐದು ನನ್ನದು, ಸಭೆಗೆ ಮೊದಲೇ ನಾನು ಬಾಯಿಬಿಟ್ಟಿದ್ದೆ ಅಂತ ಬರೆದು ಕಳಿಸಿದ್ದೇನೆ. ನಿನ್ನ ಮೂರರ ವಿಷಯ ಬರೆಯಲಿಲ್ಲ. ಅದನ್ನು ನಂಬಿ ಅಂತ ನಾನು ಯಾರನ್ನೂ ಕೇಳುವ ಹಾಗಿಲ್ಲ. ನಾಳೆ ಮುಂದಿನ ರಾಜ್ಯದ ಮೀಟಿಂಗ್. ಲಂಡನ್ ಕೂಡ ಇರ್ತದೆ. ನೀನೇ ಮೊದಲು.” ಕೊನೆಗೆ ಸೇರಿಸಿದರು: “ನಾಳೆ ಮುಗಿಯುವವರೆಗೆ ನನಗೆ ಫೋನ್ ಮಾಡಬೇಡ.”

ಮಂಗಳವಾರ ನನ್ನ ವಿಮಾನ. ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೆ. ಈ ಒಂದು ವಾರದಲ್ಲಿ ಎಲ್ಲವೂ ತಿರುಗಿತ್ತು. ಟಿವಿಯವರು ಒಂಟಿಸಲಗವನ್ನು ಹೊಗಳುತ್ತಿದ್ದರು. ಮುಂದಿನ ರಾಜ್ಯದಲ್ಲಿ ಅವನು ಎರಡನೆಯವನೆಂದು ವಿದ್ಯಾಳ ಜೊತೆಯವರು ಆಗಲೇ ಮಾತಾಡಿಕೊಳ್ಳುತ್ತಿದ್ದರಂತೆ. ಅವಳ ಲೆಕ್ಕವೇನೆಂದು ಈ ಸಲ ನನಗೂ ಹೇಳಿರಲಿಲ್ಲ. ಕಿರಣ್ ಕೇಳಲೂ ಇಲ್ಲ.

ಕಿರಣ್ ಲಿಫ್ಟಿನ ಗುಂಡಿ ಒತ್ತಲು ಹೊರಗೆ ಹೋದ. ಮೂಲೆಯ ಮೇಜಿನಿಂದ ಪ್ರಭಾಕರ್ ಅವರ ದನಿ ಕೇಳಿಸಿತು: ವಿದ್ಯಾ. ಅಷ್ಟೇ.

“ನಾಲ್ಕನೇ ಸ್ಥಾನ,” ಎಂದಳು ನನ್ನ ತಂಗಿ.

ಆ ಕಡೆ ಯಾರೋ ನಕ್ಕರು. ಇನ್ನೊಬ್ಬರು ಕೆಮ್ಮಿದರು. ಬೇರೆ ಎಲ್ಲರೂ ಅವನು ಏರುತ್ತಿದ್ದಾನೆಂದು ಹೇಳುತ್ತಿರುವಾಗ ನಾಲ್ಕು ಯಾಕೆ, ಎಂದು ನಾನು ಅದುವರೆಗೆ ಕೇಳದ ಒಂದು ದನಿ ಕೇಳಿತು. ಲಂಡನ್ನಿನದಿರಬೇಕು.

“ಯಾಕಂದರೆ ಅಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಮತ ಹಾಕಬಹುದು,” ಎಂದು ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. “ಅವರಿಗಾಗಿ ಹಿಮದಲ್ಲಿ ನಿಂತಂಥ ಜನ ಅಲ್ಲಿ ಹೊರಗೇ ಉಳಿಯುತ್ತಾರೆ.”

“ಅಕ್ಕ, ಲಿಫ್ಟ್ ಬಂತು,” ಎಂದು ಕಿರಣ್ ಪಿಸುಗುಟ್ಟಿದ.

ನಾನು ಚಪ್ಪಲಿ ಮೆಟ್ಟಿಕೊಂಡು ಒಮ್ಮೆ ಹಿಂತಿರುಗಿ ನೋಡಿದೆ. ನಾನು ಹೊರಟದ್ದು ಅವಳಿಗೆ ಗೊತ್ತಿತ್ತು, ಆದರೆ ತಿರುಗಲಿಲ್ಲ. ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿ, ಪರದೆಯ ಮೇಲಿನ ಐದು ಮುಖಗಳಿಗೆ ಎರಡನೆಯ ಕಾರಣ ಹೇಳುತ್ತಿದ್ದಳು.